ಬಿಸಿಲನ್ನು ರಾತ್ರಿಗೆ ಎತ್ತಿಡುವ ಕನ್ನಡಿಗಳು

ಬೆಂಗಳೂರಿನಲ್ಲಿ ‘ನಿಮ್ಮನೇಲಿ ಸೋಲಾರ್ ಇದೆಯಾ?’ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಬಹಳ ಮಂದಿಗೆ ನೆನಪಾಗುವುದು ಕರೆಂಟಲ್ಲ, ಸ್ನಾನದ ನೀರು. ತಾರಸಿಯ ಮೇಲೆ ಓರೆಯಾಗಿ ಮಲಗಿದ ಗಾಜಿನ ಹಲಗೆ, ಅದರ ತಲೆಯ ಮೇಲೊಂದು ಉರುಟು ಟ್ಯಾಂಕು. ಬೆಳಗಿನ ಜಾವ ಸೂರ್ಯ ಹುಟ್ಟುವ ಮೊದಲೇ ನಲ್ಲಿ ತಿರುಗಿಸಿದರೂ ಬಿಸಿನೀರು ಬರುತ್ತದೆ. ಅದು ನಿನ್ನೆ ಮಧ್ಯಾಹ್ನದ ಬಿಸಿಲು. ಇಡೀ ರಾತ್ರಿ ಟ್ಯಾಂಕಿನಲ್ಲಿ ಕೂತಿದ್ದು ಈಗ ನಮ್ಮ ಬಕೆಟ್ಟಿಗೆ ಇಳಿಯುತ್ತಿದೆ. ಅಲ್ಲಿ ಬ್ಯಾಟರಿ ಇಲ್ಲ, ಇನ್ವರ್ಟರ್ ಇಲ್ಲ. ಒಂದು ಟ್ಯಾಂಕು, ಅದರ ಸುತ್ತ ದಪ್ಪನೆಯ ಹೊದಿಕೆ, ಅಷ್ಟೆ.

ವಿದ್ಯುತ್ತನ್ನು ಕೂಡಿಡುವುದು ಕಷ್ಟ, ಶಾಖವನ್ನು ಕೂಡಿಡುವುದು ಸುಲಭ. ಮನೆಮನೆಯ ತಾರಸಿಯ ಮೇಲಿರುವ ಈ ಸರಳ ಸತ್ಯವನ್ನು ನೂರಾರು ಮೆಗಾವಾಟ್ ಮಟ್ಟಕ್ಕೆ ಒಯ್ಯುವ ತಂತ್ರಜ್ಞಾನವೊಂದಿದೆ. ಸಿಎಸ್‌ಪಿ (ಕಾನ್ಸೆಂಟ್ರೇಟೆಡ್ ಸೋಲಾರ್ ಪವರ್) ಎಂಬ ಮೂರಕ್ಷರದಿಂದ ಅದನ್ನು ಗುರುತಿಸುತ್ತಾರೆ. ಕನ್ನಡದಲ್ಲಿ ಸೌರ ಉಷ್ಣ ವಿದ್ಯುತ್ ಅನ್ನಬಹುದು. ನಾನು ಇಲ್ಲಿ ಕನ್ನಡಿ ಸ್ಥಾವರ ಎಂದೇ ಕರೆಯುತ್ತೇನೆ, ಏಕೆಂದರೆ ಅದರ ಮುಖ್ಯ ಸರಕು ಕನ್ನಡಿ. ಭಾರತ ಇದರ ಮೇಲೆ 2010ರಲ್ಲಿ ದೊಡ್ಡ ಪಂದ್ಯ ಕಟ್ಟಿತು, ನಾಲ್ಕೈದು ವರ್ಷದಲ್ಲಿ ಕೈಬಿಟ್ಟಿತು. ಕೈಬಿಟ್ಟದ್ದಕ್ಕೆ ಕಾರಣಗಳಿದ್ದವು. ಆದರೆ ನಾವು ಅದನ್ನು ಕೊಂಡ ರೀತಿಯೇ ತಪ್ಪಾಗಿತ್ತು ಎಂಬುದು ನನ್ನ ವಾದ. ಆ ತಪ್ಪನ್ನು ಇವತ್ತು ಕೆದಕಬೇಕಾದ ಅಗತ್ಯ ಬಂದಿದೆ.

ಅಗತ್ಯ ಏನೆಂದು ತಿಳಿಯಲು ಪಾವಗಡಕ್ಕೆ ಹೋದರೆ ಸಾಕು. ಸುಮಾರು 13,000 ಎಕರೆ, 2,050 ಮೆಗಾವಾಟ್. ಮಳೆ ಕೈಕೊಟ್ಟ ನೆಲವನ್ನು ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆಗೆ ಕೊಟ್ಟು ಕಟ್ಟಿಸಿದ ಸೋಲಾರ್ ಪಾರ್ಕ್ ಅದು. ನಡುಮಧ್ಯಾಹ್ನ ಅಲ್ಲಿ ಹುಟ್ಟುವ ಕರೆಂಟು ರಾಜ್ಯದ ವಿದ್ಯುತ್ ಜಾಲವನ್ನು ತುಂಬುತ್ತದೆ. ಆ ಹೊತ್ತಿಗೆ ಕಲ್ಲಿದ್ದಲು ಘಟಕಗಳು ತಮ್ಮ ಉತ್ಪಾದನೆಯನ್ನು ತಗ್ಗಿಸಿಕೊಂಡು ಜಾಗ ಬಿಡಬೇಕು. ಸಂಜೆ ಆರೂವರೆ ದಾಟಿತೋ, ಅಷ್ಟೂ ಪ್ಯಾನೆಲ್‌ಗಳು ಸೊನ್ನೆ. ಮನೆಗಳಲ್ಲಿ ದೀಪ, ಫ್ಯಾನು, ಟೀವಿ ಹೊತ್ತಿಕೊಳ್ಳುವುದು ಆಗಲೇ. 2023ರ ಬರದ ವರ್ಷ ನೆನಪಿರಬಹುದು. ಜಲಾಶಯಗಳು ತುಂಬಲಿಲ್ಲ, ಪಂಪ್‌ಸೆಟ್‌ಗೆ ಏಳು ಗಂಟೆ ತ್ರೀಫೇಸ್ ಕೊಡಿ ಎಂದು ರೈತರು ರಸ್ತೆಗಿಳಿದರು. ಹಗಲಿಗೆ ಬೇಕಾದಷ್ಟು ಸೋಲಾರ್ ಇದ್ದ ರಾಜ್ಯದ ಸ್ಥಿತಿ ಅದು. ಹಗಲಿನ ಕರೆಂಟು ಅಗ್ಗವಾಗಿದೆ, ಹೇರಳವಾಗಿದೆ. ನಮಗೆ ಕೊರತೆಯಿರುವುದು ಸೂರ್ಯ ಮುಳುಗಿದ ಮೇಲಿನ ಗಂಟೆಗಳದ್ದು.

ಕನ್ನಡಿ, ಎಣ್ಣೆ, ಉಪ್ಪು

ಸೋಲಾರ್ ಪ್ಯಾನೆಲ್ ಬೆಳಕನ್ನು ನೇರವಾಗಿ ವಿದ್ಯುತ್ ಮಾಡುತ್ತದೆ. ಕನ್ನಡಿ ಸ್ಥಾವರದಲ್ಲಿ ಹಾಗಲ್ಲ. ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಡುವಂತೆ, ಸಾವಿರಾರು ಕನ್ನಡಿಗಳ ಬಿಸಿಲನ್ನು ಒಂದೇ ಕಡೆ ಬೀಳಿಸಿ ಅಲ್ಲಿ ಹರಿಯುವ ದ್ರವವನ್ನು ಕಾಯಿಸುತ್ತಾರೆ. ಆ ಶಾಖದಿಂದ ನೀರು ಉಗಿಯಾಗುತ್ತದೆ, ಉಗಿ ಟರ್ಬೈನ್ ತಿರುಗಿಸುತ್ತದೆ. ಉಗಿಯಿಂದ ಮುಂದಕ್ಕೆ ಎಲ್ಲವೂ ರಾಯಚೂರಿನ ಶಾಖೋತ್ಪನ್ನ ಕೇಂದ್ರದಂತೆಯೇ. ಕಲ್ಲಿದ್ದಲಿನ ಒಲೆಯ ಜಾಗದಲ್ಲಿ ಸೂರ್ಯನಿದ್ದಾನೆ ಎಂಬುದೊಂದೇ ವ್ಯತ್ಯಾಸ.

ಕನ್ನಡಿ ಜೋಡಿಸುವ ಬಗೆಯಲ್ಲಿ ಎರಡು ಮುಖ್ಯ. ಒಂದು, ಉದ್ದಕ್ಕೆ ಸೀಳಿದ ಅಡಿಕೆ ದಂಬೆಯಂತೆ ಬಾಗಿದ ಕನ್ನಡಿಗಳ ಸಾಲು. ನಡುವೆ ಕೊಳವೆ, ಕೊಳವೆಯೊಳಗೆ ವಿಶೇಷ ಎಣ್ಣೆ. ಎಣ್ಣೆಯನ್ನು ಸುಮಾರು 390 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬಹುದು, ಅದಕ್ಕಿಂತ ಮೇಲೆ ಹೋದರೆ ಎಣ್ಣೆಯೇ ಒಡೆದು ಕೆಡುತ್ತದೆ. ಇನ್ನೊಂದು, ಗೋಪುರ. ಬಯಲಿನ ತುಂಬ ಚಪ್ಪಟೆ ಕನ್ನಡಿಗಳು, ಹೀಲಿಯೋಸ್ಟಾಟ್‌ಗಳು. ಪ್ರತಿಯೊಂದೂ ಸೂರ್ಯನ ಜೊತೆ ನಿಧಾನಕ್ಕೆ ತಿರುಗುತ್ತ ತನ್ನ ಬಿಸಿಲನ್ನು ಗೋಪುರದ ತುದಿಗೇ ಹೊಡೆಯುತ್ತಿರಬೇಕು. ತುದಿಯಲ್ಲಿ ಹರಿಯುವುದು ಕರಗಿದ ಉಪ್ಪು. ನಮ್ಮ ಅಡುಗೆ ಉಪ್ಪಲ್ಲ, ಸೋಡಿಯಂ ನೈಟ್ರೇಟ್ 60 ಪಾಲು, ಪೆಟ್ಲುಪ್ಪು ಅಂದರೆ ಪೊಟ್ಯಾಸಿಯಂ ನೈಟ್ರೇಟ್ 40 ಪಾಲು ಬೆರೆಸಿದ್ದು. ಎರಡೂ ಗೊಬ್ಬರವಾಗಿ ಬಳಕೆಯಾಗುವ ಲವಣಗಳೇ. ಈ ಮಿಶ್ರಣ 240 ಡಿಗ್ರಿ ಹೊತ್ತಿಗೆ ನೀರಿನಂತೆ ಹರಿಯತೊಡಗುತ್ತದೆ, 565 ಡಿಗ್ರಿವರೆಗೂ ಕೆಡದೆ ಶಾಖ ಹೊರುತ್ತದೆ. ಶಾಖ ಏರಿದಷ್ಟೂ ಟರ್ಬೈನ್ ಹೆಚ್ಚು ವಿದ್ಯುತ್ ಹಿಂಡುತ್ತದೆ.

ಇನ್ನು ಟ್ಯಾಂಕುಗಳು. 290 ಡಿಗ್ರಿಯ ಉಪ್ಪಿಗೊಂದು, 565 ಡಿಗ್ರಿಯ ಉಪ್ಪಿಗೊಂದು. ಹಗಲಿಡೀ ಉಪ್ಪು ತಣ್ಣನೆಯ ಟ್ಯಾಂಕಿನಿಂದ (290 ಡಿಗ್ರಿಯನ್ನು ಇಲ್ಲಿ ತಣ್ಣನೆ ಅನ್ನುತ್ತಾರೆ) ಗೋಪುರಕ್ಕೆ ಏರಿ, ಕಾದು, ಬಿಸಿ ಟ್ಯಾಂಕಿಗೆ ಇಳಿಯುತ್ತದೆ. ರಾತ್ರಿ ಬೇಕಾದಾಗ ಅದರಿಂದ ಉಗಿ ಎಬ್ಬಿಸುತ್ತಾರೆ. ಒಳ್ಳೆಯ ಹೊದಿಕೆಯಿದ್ದರೆ ಇಂಥ ಟ್ಯಾಂಕು ದಿನಕ್ಕೆ ಒಂದು ಡಿಗ್ರಿಯಷ್ಟು ಮಾತ್ರ ತಣಿಯುತ್ತದೆ. ಸ್ಪೇನಿನ ಆಂಡಸೋಲ್ ಸ್ಥಾವರದ ಮೊದಲ ಘಟಕದಲ್ಲಿ 28,500 ಟನ್ ಉಪ್ಪು ಇದೆ. ಬಿಸಿಲು ಹೋದ ಮೇಲೂ 50 ಮೆಗಾವಾಟ್ ಟರ್ಬೈನನ್ನು ಏಳೂವರೆ ಗಂಟೆ ತಿರುಗಿಸಲು ಅಷ್ಟು ಸಾಕು. ಅದೇ ದೇಶದ ಗೆಮಾಸೋಲಾರ್ ಗೋಪುರ 19.9 ಮೆಗಾವಾಟಿನ ಚಿಕ್ಕ ಸ್ಥಾವರ. 15 ಗಂಟೆಯ ಉಪ್ಪು ಇಟ್ಟುಕೊಂಡು 2013ರಲ್ಲಿ ಅದು 36 ದಿನ ಹಗಲು ರಾತ್ರಿ ಒಂದೇ ಸಮ ವಿದ್ಯುತ್ ಕೊಟ್ಟಿತು. ಬರೀ ಬಿಸಿಲಿನಿಂದ, 36 ದಿನ! ಇದನ್ನು ಮೊದಲ ಸಲ ಓದಿದಾಗ ನನಗಾದ ಸಂತೋಷ ಇನ್ನೂ ನೆನಪಿದೆ.

ಇದರ ದೊಡ್ಡ ಮಿತಿಯನ್ನೂ ಈಗಲೇ ಹೇಳಿಬಿಡಬೇಕು. ಕನ್ನಡಿಗೆ ಬೇಕಾದದ್ದು ನೇರ ಬಿಸಿಲು. ಅಂಗಳದಲ್ಲಿ ನಿಂತರೆ ನಮ್ಮ ನೆರಳಿನ ಅಂಚು ಗೆರೆ ಎಳೆದಂತೆ ಸ್ಪಷ್ಟವಾಗಿ ಬೀಳಬೇಕು, ಅಂಥ ಬಿಸಿಲು. ಮೋಡ, ಮಂಜು, ದೂಳು, ಹೊಗೆ ಇದ್ದಾಗ ಬೆಳಕು ಎಲ್ಲ ದಿಕ್ಕಿನಿಂದ ಚದುರಿ ಬರುತ್ತದೆ. ಚದುರಿದ ಬೆಳಕಿನಲ್ಲೂ ಪ್ಯಾನೆಲ್ ಅಷ್ಟಿಷ್ಟು ಕರೆಂಟು ಕೊಡುತ್ತದೆ. ಕನ್ನಡಿ ಅದನ್ನು ಒಂದೆಡೆ ಕೂಡಿಸಲಾರದು, ಸುಮ್ಮನಾಗುತ್ತದೆ. ಈ ಒಂದು ಸಂಗತಿ ಭಾರತದ ಕಥೆಯಲ್ಲಿ ಮತ್ತೆ ಬರುತ್ತದೆ.

ನೂರು ವರ್ಷದ ಹಳೆಯ ಆಸೆ

ಈ ವಿದ್ಯೆ ಹೊಸದಲ್ಲ. 1913ರಲ್ಲಿ ಫ್ರಾಂಕ್ ಷೂಮನ್ ಎಂಬ ಅಮೆರಿಕದ ಎಂಜಿನಿಯರ್ ಈಜಿಪ್ಟಿನ ಮಾಡಿಯಲ್ಲಿ ಬಾಗಿದ ಕನ್ನಡಿಗಳ ಐದು ಸಾಲು ಕಟ್ಟಿ, ಉಗಿಯಿಂದ ಪಂಪ್ ಓಡಿಸಿ, ನೈಲ್ ನದಿಯ ನೀರನ್ನು ನಿಮಿಷಕ್ಕೆ 20,000 ಲೀಟರಿಗೂ ಹೆಚ್ಚಾಗಿ ಹತ್ತಿಯ ಹೊಲಗಳಿಗೆ ಎತ್ತಿದ. ಮರುವರ್ಷವೇ ಮೊದಲ ಮಹಾಯುದ್ಧ ಬಂತು, ಆಮೇಲೆ ಅಗ್ಗದ ಎಣ್ಣೆ ಬಂತು, ಕನ್ನಡಿಗಳು ಗುಜರಿ ಸೇರಿದವು. ಎಪ್ಪತ್ತರ ದಶಕದ ತೈಲ ಬಿಕ್ಕಟ್ಟಿನ ಬಳಿಕ ಲೂಸ್ ಎಂಬ ಕಂಪನಿ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ 1984ರಿಂದ 1990ರ ನಡುವೆ ಒಂಬತ್ತು ಸ್ಥಾವರ, ಒಟ್ಟು 354 ಮೆಗಾವಾಟ್ ಕಟ್ಟಿತು. ತೈಲ, ಅನಿಲ ಅಗ್ಗವಾದವು, ತೆರಿಗೆ ವಿನಾಯಿತಿ ಕೈಕೊಟ್ಟಿತು, 1991ರಲ್ಲಿ ಕಂಪನಿ ದಿವಾಳಿಯಾಯಿತು. ಅದು ಕಟ್ಟಿದ ಸ್ಥಾವರಗಳು ಮಾತ್ರ ದಶಕಗಳ ಕಾಲ ಓಡಿದವು. ಕನ್ನಡಿ ಕೆಲಸ ಮಾಡುತ್ತದೆಯೇ ಎಂಬ ಅನುಮಾನ ಅಲ್ಲಿಗೆ ತೀರಿತ್ತು. ಯಾರಿಗೆ, ಯಾವ ಹೊತ್ತಿಗೆ, ಯಾವ ಬೆಲೆಗೆ ಎಂಬ ಪ್ರಶ್ನೆ ಮಾತ್ರ ಉಳಿದಿತ್ತು.

ನಾವು ಕೊಂಡ ಬಗೆ

2010ರ ಜನವರಿಯಲ್ಲಿ ಜವಾಹರಲಾಲ್ ನೆಹರೂ ರಾಷ್ಟ್ರೀಯ ಸೌರ ಮಿಷನ್ ಶುರುವಾದಾಗ ಮೊದಲ ಹಂತದ 1,000 ಮೆಗಾವಾಟಿನಲ್ಲಿ ಅರ್ಧ ಪ್ಯಾನೆಲ್‌ಗೆ, ಅರ್ಧ ಕನ್ನಡಿಗೆ ಎಂದು ಹಂಚಲಾಯಿತು. ಆಗ ಅದು ಅವಿವೇಕವೇನೂ ಆಗಿರಲಿಲ್ಲ. ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ ಇತ್ತು. ಅದೇ ಡಿಸೆಂಬರಿನ ಬಿಡ್‌ನಲ್ಲಿ ಏಳು ಕನ್ನಡಿ ಯೋಜನೆಗಳಿಗೆ 470 ಮೆಗಾವಾಟ್ ಹಂಚಿಕೆಯಾಯಿತು. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಲೆಕ್ಕ ಹಾಕಿದ್ದ ದರ ಯೂನಿಟ್ಟಿಗೆ 15.31 ರೂಪಾಯಿ. ಬಿಡ್ ಗೆಲ್ಲುವ ಆತುರದಲ್ಲಿ ಕಂಪನಿಗಳು 10.49ರಿಂದ 12.24 ರೂಪಾಯಿಗೆ ಇಳಿದವು. ಮುಗಿಸಲು 28 ತಿಂಗಳ ಗಡುವು.

ಏಳರಲ್ಲಿ ಮೂರು ಮಾತ್ರ ಎದ್ದು ನಿಂತವು. ಜೈಸಲ್ಮೇರ್ ಜಿಲ್ಲೆಯ ನೋಖ್‌ನಲ್ಲಿ ಗೋದಾವರಿ ಗ್ರೀನ್ ಎನರ್ಜಿಯ 50 ಮೆಗಾವಾಟ್ 2013ರಲ್ಲಿ, ಅದೇ ಜಿಲ್ಲೆಯ ಧುರ್ಸರ್‌ನಲ್ಲಿ ರಿಲಯನ್ಸ್ ಪವರ್‌ನ 100 ಮೆಗಾವಾಟ್ ಮತ್ತು ನಮ್ಮ ಪಾವಗಡದ ಗಡಿಯಾಚೆ ಅನಂತಪುರ ಜಿಲ್ಲೆಯಲ್ಲಿ ಮೇಘಾ ಎಂಜಿನಿಯರಿಂಗ್‌ನ 50 ಮೆಗಾವಾಟ್ 2014ರಲ್ಲಿ.

ಉಳಿದವು ಏಕೆ ಬಿದ್ದವು? ಮೊದಲನೆಯದು, ನೇರ ಬಿಸಿಲಿನ ಲೆಕ್ಕವೇ ನಮ್ಮಲ್ಲಿ ಇರಲಿಲ್ಲ. ಉಪಗ್ರಹದ ಅಂದಾಜು ನೋಡಿ ಕನ್ನಡಿ ಎಣಿಸಿದ್ದರು. ಥಾರ್ ಮರುಭೂಮಿಯ ಗಾಳಿಯಲ್ಲಿ ಸದಾ ತೇಲುವ ಸಣ್ಣ ದೂಳು ಎಷ್ಟು ಬಿಸಿಲನ್ನು ಚದುರಿಸುತ್ತದೆ ಎಂಬುದು ಆ ಅಂದಾಜಿನಲ್ಲಿ ಸರಿಯಾಗಿ ಸಿಕ್ಕಿರಲಿಲ್ಲ. ನೆಲದ ಮೇಲೆ ಉಪಕರಣವಿಟ್ಟು ಬಿಸಿಲು ಅಳೆಯುವ 51 ಕೇಂದ್ರಗಳನ್ನು ಸರ್ಕಾರ ಸ್ಥಾಪಿಸಿದ್ದು 2011ರಲ್ಲಿ, ಅಂದರೆ ಬಿಡ್ ಮುಗಿದ ಮೇಲೆ. ಬಿತ್ತನೆ ಮುಗಿಸಿ ಮಣ್ಣು ಪರೀಕ್ಷೆಗೆ ಕಳಿಸಿದ ಹಾಗಾಯಿತು. ಕಡಿಮೆ ಬಿಸಿಲು ಎಂದರೆ ಹೆಚ್ಚು ಕನ್ನಡಿ, ಹೆಚ್ಚು ಸಾಲ. ಜೊತೆಗೆ ಎಣ್ಣೆ, ಕೊಳವೆ, ಟರ್ಬೈನ್ ಎಲ್ಲ ಹೊರದೇಶದಿಂದ ಬರಬೇಕಿತ್ತು. ಆ ವರ್ಷಗಳಲ್ಲೇ ರೂಪಾಯಿ ಕುಸಿಯಿತು.

ಆದರೆ ನಿಜವಾದ ಪೆಟ್ಟು ಕೊಟ್ಟದ್ದು ಪ್ಯಾನೆಲ್. 2010ರ ಡಿಸೆಂಬರಿನಲ್ಲಿ ಪ್ಯಾನೆಲ್ ವಿದ್ಯುತ್ತಿನ ಅತಿ ಕಡಿಮೆ ಬಿಡ್ 10.95 ರೂಪಾಯಿ ಇತ್ತು. ಒಂದೇ ವರ್ಷದಲ್ಲಿ 7.49ಕ್ಕೆ ಬಂತು. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2.44, 2020ರ ಡಿಸೆಂಬರಿನಲ್ಲಿ ಗುಜರಾತಿನಲ್ಲಿ 1.99. ಹನ್ನೆರಡು ರೂಪಾಯಿಯ ಕನ್ನಡಿ ಕರೆಂಟನ್ನು ಇನ್ನು ಯಾರು ಕೇಳುತ್ತಾರೆ? ಅಧಿಕಾರಿಗಳು, ಬ್ಯಾಂಕುಗಳು, ಪತ್ರಿಕೆಗಳು ಎಲ್ಲರೂ ಒಂದೇ ತೀರ್ಪು ಕೊಟ್ಟರು: ಈ ತಂತ್ರಜ್ಞಾನ ಸೋತಿತು.

ನನಗೆ ಒಪ್ಪಲಾಗದ್ದು ಇಲ್ಲಿಯೇ. ಓಡಿದ ಆ ಮೂರು ಸ್ಥಾವರಗಳಲ್ಲಿ ಒಂದಕ್ಕೂ ಉಪ್ಪಿನ ಟ್ಯಾಂಕಿಲ್ಲ. ಅಂದರೆ ಈ ತಂತ್ರಜ್ಞಾನದ ಒಂದೇ ಒಂದು ದೊಡ್ಡ ಗುಣವನ್ನು ಕಿತ್ತುಹಾಕಿ, ಉಳಿದದ್ದನ್ನು ಕಟ್ಟಿದೆವು. ಟ್ಯಾಂಕಿಲ್ಲದ ಕನ್ನಡಿ ಸ್ಥಾವರ ಹಗಲಿನಲ್ಲಿ ಪ್ಯಾನೆಲ್ಲಿನ ಜೊತೆಯೇ ಕರೆಂಟು ಕೊಟ್ಟು ಸಂಜೆ ಅದರ ಜೊತೆಯೇ ಮಲಗುತ್ತದೆ. ಖರ್ಚು ಮಾತ್ರ ಹಲವು ಪಟ್ಟು. ಕಂಪನಿಗಳು ಟ್ಯಾಂಕು ಏಕೆ ಕಟ್ಟಲಿಲ್ಲ ಎಂದರೆ ಒಪ್ಪಂದದಲ್ಲಿ ಅದಕ್ಕೆ ಬೆಲೆ ಇರಲಿಲ್ಲ. ಮಧ್ಯಾಹ್ನ ಹನ್ನೆರಡರ ಯೂನಿಟ್ಟಿಗೂ ರಾತ್ರಿ ಎಂಟರ ಯೂನಿಟ್ಟಿಗೂ ಒಂದೇ ದರ. ಬಸಳೆ ಸೊಪ್ಪಿಗೂ ಬೇಳೆಗೂ ಒಂದೇ ಬೆಲೆ ಎಂದರೆ ಬೇಳೆಯನ್ನು ಒಣಗಿಸಿ ಕೂಡಿಡುವ ತೊಂದರೆ ಯಾರಿಗೆ ಬೇಕು?

ಹೆಚ್ಚುಕಡಿಮೆ ಅದೇ ಕಾಲಕ್ಕೆ ದಕ್ಷಿಣ ಆಫ್ರಿಕಾ ಏನು ಮಾಡಿತು ನೋಡಿ. ಅಲ್ಲಿಯ ಮೂರನೇ ಸುತ್ತಿನ ಬಿಡ್‌ನಲ್ಲಿ ಕನ್ನಡಿ ಸ್ಥಾವರಗಳಿಗೆ ಸಂಜೆ ನಾಲ್ಕೂವರೆಯಿಂದ ಒಂಬತ್ತೂವರೆವರೆಗಿನ ವಿದ್ಯುತ್ತಿಗೆ ಮೂಲ ದರದ ಶೇ 270ರಷ್ಟು ಬೆಲೆ ಎಂದು ಬರೆದರು. ಅಷ್ಟೇ ಸಾಕಾಯಿತು. ಆ ಸುತ್ತಿನಲ್ಲಿ ಬಂದ ಸ್ಥಾವರಗಳು ನಾಲ್ಕೈದು ಗಂಟೆಯ ಉಪ್ಪು ಇಟ್ಟುಕೊಂಡೇ ಬಂದವು. ಕರೆಂಟು ಕಡಿತದಿಂದ ಬೇಸತ್ತ ಆ ದೇಶಕ್ಕೆ ಸಂಜೆಯ ಹೊತ್ತು ಅವು ಆಸರೆಯಾದವು. ಕನ್ನಡಿ ಅದೇ, ಉಪ್ಪು ಅದೇ, ಒಪ್ಪಂದದ ಒಂದು ಸಾಲು ಬೇರೆ.

ನಾವೂ ಆಮೇಲೆ ಕಲಿತೆವು. 2020ರ ಜನವರಿಯಲ್ಲಿ ಭಾರತೀಯ ಸೌರಶಕ್ತಿ ನಿಗಮ ಹೆಚ್ಚು ಬೇಡಿಕೆಯ ಹೊತ್ತಿಗೆ ಬೇರೆ ದರ ಇಟ್ಟು ಟೆಂಡರ್ ಕರೆಯಿತು. ಉಳಿದ ಹೊತ್ತಿಗೆ 2.88 ರೂಪಾಯಿ ನಿಗದಿ, ಪೀಕ್ ಹೊತ್ತಿಗೆ 6.12 ಮತ್ತು 6.85 ರೂಪಾಯಿಯ ಬಿಡ್‌ಗಳು ಗೆದ್ದವು. ಗೆದ್ದವರು ನೆಚ್ಚಿದ್ದು ನೀರನ್ನು ಎತ್ತರಕ್ಕೆ ಏರಿಸಿಟ್ಟು ಬೇಕಾದಾಗ ಇಳಿಸಿ ಟರ್ಬೈನ್ ತಿರುಗಿಸುವ ಪಂಪ್ಡ್ ಸ್ಟೋರೇಜ್ ಮತ್ತು ಬ್ಯಾಟರಿಯನ್ನು. ಸರಿಯಾದ ಪ್ರಶ್ನೆ ಕೇಳುವ ಹೊತ್ತಿಗೆ ಕನ್ನಡಿ ಕಟ್ಟುವವರು ಭಾರತದ ಕಣದಲ್ಲಿ ಉಳಿದಿರಲಿಲ್ಲ.

ಸೋರಿದ ಟ್ಯಾಂಕುಗಳು

ಹಾಗೆಂದು ಹೊರಗೆಲ್ಲ ಈ ವಿದ್ಯೆ ಗೆದ್ದಿತು ಎಂದು ಹೇಳಿದರೆ ಓದುಗರಿಗೆ ಅನ್ಯಾಯವಾಗುತ್ತದೆ. ಕ್ಯಾಲಿಫೋರ್ನಿಯಾದ ಐವನ್‌ಪಾ ಸ್ಥಾವರ 2014ರಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ದೊಡ್ಡದು: ಮೂರು ಗೋಪುರ, 1,73,500 ಹೀಲಿಯೋಸ್ಟಾಟ್, 392 ಮೆಗಾವಾಟ್, 220 ಕೋಟಿ ಡಾಲರ್. ಬೆಳಿಗ್ಗೆ ಬಾಯ್ಲರ್ ಕಾಯಿಸಲು ನೈಸರ್ಗಿಕ ಅನಿಲ ಸುಡಬೇಕು, ಗೋಪುರದ ಸುತ್ತಲಿನ ಉರಿಬೆಳಕಿಗೆ ಸಿಕ್ಕಿ ಹಕ್ಕಿಗಳು ಸತ್ತವು, ನಿರೀಕ್ಷಿಸಿದಷ್ಟು ವಿದ್ಯುತ್ ಬರಲಿಲ್ಲ. 2025ರ ಜನವರಿಯಲ್ಲಿ ಅದರ ವಿದ್ಯುತ್ ಕೊಳ್ಳುತ್ತಿದ್ದ ಪಿಜಿ ಅಂಡ್ ಇ ಕಂಪನಿ ಒಪ್ಪಂದವನ್ನು ಅವಧಿಗೆ ಮೊದಲೇ ಕೊನೆಗಾಣಿಸುವ ತೀರ್ಮಾನ ಪ್ರಕಟಿಸಿತು. ಗಮನಿಸಬೇಕಾದ್ದೆಂದರೆ, ಐವನ್‌ಪಾಕ್ಕೂ ಶಾಖ ಕೂಡಿಡುವ ಟ್ಯಾಂಕಿಲ್ಲ.

ಟ್ಯಾಂಕು ಇದ್ದವುಗಳ ಕಷ್ಟ ಬೇರೆ. ನೆವಾಡಾದ ಕ್ರೆಸೆಂಟ್ ಡ್ಯೂನ್ಸ್‌ಗೆ 110 ಮೆಗಾವಾಟ್, 10 ಗಂಟೆಯ ಉಪ್ಪು ಇತ್ತು. 2016ರಲ್ಲಿ ಬಿಸಿ ಟ್ಯಾಂಕು ಸೋರಿ ಎಂಟು ತಿಂಗಳು ನಿಂತಿತು, 2019ರಲ್ಲಿ ಮತ್ತೆ ನಿಂತಾಗ ಕೊಳ್ಳುವವರು ಒಪ್ಪಂದ ಹರಿದರು. ಮೊರಾಕ್ಕೊದ ವಾರ್ಜಜಾತ್‌ನಲ್ಲಿರುವ ನೂರ್ ಸಂಕೀರ್ಣದ 150 ಮೆಗಾವಾಟ್ ಗೋಪುರವೂ 2024ರಲ್ಲಿ ಇಂಥದೇ ಸೋರಿಕೆಯಿಂದ ತಿಂಗಳುಗಟ್ಟಲೆ ಸ್ತಬ್ಧವಾಯಿತು. ಕಾರಣ ಲೋಹದ ಸ್ವಭಾವದಲ್ಲಿದೆ. ಅಷ್ಟಗಲದ ಉಕ್ಕಿನ ತಳ 565 ಡಿಗ್ರಿಗೆ ಕಾದಾಗ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಮೇಲೆ ಸಾವಿರಾರು ಟನ್ ಉಪ್ಪಿನ ಭಾರ, ಕೆಳಗೆ ಅಡಿಪಾಯದ ತಿಕ್ಕಾಟ, ಸಲೀಸಾಗಿ ಜಾರಲು ಆಗುವುದಿಲ್ಲ. ಬೆಸುಗೆಯ ಗೆರೆಯಲ್ಲಿ ಬಿರುಕು ಹುಟ್ಟುತ್ತದೆ. ಮೋಡ ಬಂದು ಹೋದಾಗ, ಸ್ಥಾವರವನ್ನು ನಿಲ್ಲಿಸಿ ಶುರು ಮಾಡಿದಾಗ ಈ ಹಿಗ್ಗು ಕುಗ್ಗು ಹೆಚ್ಚುತ್ತದೆ. ಒಂದು ಪ್ಯಾನೆಲ್ ಕೆಟ್ಟರೆ ಉಳಿದ ಲಕ್ಷ ಪ್ಯಾನೆಲ್ ಓಡುತ್ತವೆ. ಬಿಸಿ ಟ್ಯಾಂಕು ಸೋರಿದರೆ ಇಡೀ ಸ್ಥಾವರ ನಿಲ್ಲುತ್ತದೆ. ಬ್ಯಾಂಕುಗಳು ಇದಕ್ಕೆ ಸಾಲ ಕೊಡಲು ಹಿಂಜರಿಯುವುದು ಬೆಲೆಗಿಂತ ಹೆಚ್ಚಾಗಿ ಈ ಭಯಕ್ಕೆ.

ದೊಡ್ಡ ಮಟ್ಟದಲ್ಲಿ ಕಟ್ಟಿದವೂ ಇವೆ. ದುಬೈನ ಮೊಹಮ್ಮದ್ ಬಿನ್ ರಶೀದ್ ಸೋಲಾರ್ ಪಾರ್ಕಿನಲ್ಲಿ 2023ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ಹಂತದಲ್ಲಿ 700 ಮೆಗಾವಾಟ್ ಕನ್ನಡಿ, 250 ಮೆಗಾವಾಟ್ ಪ್ಯಾನೆಲ್ ಜೋಡಿಯಾಗಿವೆ. ಗೋಪುರ 262 ಮೀಟರ್ ಎತ್ತರ. ಒಪ್ಪಂದದ ದರ ಯೂನಿಟ್ಟಿಗೆ 7.3 ಅಮೆರಿಕನ್ ಸೆಂಟ್, ಅದೂ 35 ವರ್ಷಕ್ಕೆ. ಚಿಲಿಯ ಅಟಕಾಮ ಮರುಭೂಮಿಯ ಸೆರೊ ಡೊಮಿನಡೋರ್‌ಗೆ ಹದಿನೇಳೂವರೆ ಗಂಟೆಯ ಉಪ್ಪಿದೆ. ಸೋಡಿಯಂ ನೈಟ್ರೇಟಿಗೆ ಶತಮಾನದಿಂದ ಹೆಸರಾದ ಗಣಿಗಳು ಅದೇ ಮರುಭೂಮಿಯಲ್ಲಿವೆ. ಉಪ್ಪೂ ಅಲ್ಲಿಯದೇ, ಬಿಸಿಲೂ ಅಲ್ಲಿಯದೇ. ಎಲ್ಲ ಕೂಡಿಸಿದರೂ ಜಗತ್ತಿನಲ್ಲಿ ಇಂಥ ಸ್ಥಾವರಗಳ ಸಾಮರ್ಥ್ಯ ಸುಮಾರು 7,000 ಮೆಗಾವಾಟ್. ಪ್ಯಾನೆಲ್‌ಗಳದ್ದು 20 ಲಕ್ಷ ಮೆಗಾವಾಟ್ ದಾಟಿದೆ.

ಬ್ಯಾಟರಿ ಬಂದ ಮೇಲೆ

ಈಗ ಕನ್ನಡಿಯ ಎದುರಾಳಿ ಬರೀ ಪ್ಯಾನೆಲ್ ಅಲ್ಲ, ಪ್ಯಾನೆಲ್ ಜೊತೆಗಿನ ಬ್ಯಾಟರಿ. 2022ರಲ್ಲಿ ಭಾರತದಲ್ಲಿ ದೊಡ್ಡ ಬ್ಯಾಟರಿಗೆ ಬಂದ ಬಿಡ್ ಮೆಗಾವಾಟಿಗೆ ತಿಂಗಳಿಗೆ 10.83 ಲಕ್ಷ ರೂಪಾಯಿ. ಮೂರು ವರ್ಷದಲ್ಲಿ ಅದು ಎರಡು ಲಕ್ಷದ ಆಸುಪಾಸಿಗೆ ಇಳಿಯಿತು. ಸರ್ಕಾರದ ಸಹಾಯಧನವನ್ನು ಕಳೆದು ನೋಡಿದರೂ ಇದು ಬೆರಗಿನ ಇಳಿಕೆ. ಸಂಜೆಯ ಎರಡು ಗಂಟೆಗೆ, ನಾಲ್ಕು ಗಂಟೆಗೆ ಬ್ಯಾಟರಿಯೇ ಗೆಲ್ಲುತ್ತದೆ. ಈ ಮಾತನ್ನು ಕನ್ನಡಿಯ ಅಭಿಮಾನಿಯಾದ ನಾನು ಮನಸ್ಸು ಗಟ್ಟಿ ಮಾಡಿಕೊಂಡು ಒಪ್ಪಬೇಕು.

ಆದರೆ ರಾತ್ರಿ ನಾಲ್ಕು ಗಂಟೆಗೆ ಮುಗಿಯುವುದಿಲ್ಲ. ಬ್ಯಾಟರಿಯಲ್ಲಿ ಹತ್ತು ಗಂಟೆಯ ವಿದ್ಯುತ್ ಬೇಕೆಂದರೆ ನಾಲ್ಕು ಗಂಟೆಯದಕ್ಕಿಂತ ಎರಡೂವರೆ ಪಟ್ಟು ಬ್ಯಾಟರಿ ಕೊಳ್ಳಬೇಕು. ಕನ್ನಡಿ ಸ್ಥಾವರದಲ್ಲಿ ಟರ್ಬೈನ್, ಗೋಪುರ, ತಂತಿ ಇವುಗಳ ದೊಡ್ಡ ಖರ್ಚು ಮೊದಲೇ ಆಗಿರುತ್ತದೆ. ಇನ್ನೂ ಆರು ಗಂಟೆ ಬೇಕೆಂದರೆ ಮತ್ತಷ್ಟು ಉಪ್ಪು, ದೊಡ್ಡ ಟ್ಯಾಂಕು, ಒಂದಷ್ಟು ಹೆಚ್ಚು ಕನ್ನಡಿ. ಗಂಟೆ ಹೆಚ್ಚಿದಷ್ಟೂ ತಕ್ಕಡಿ ಉಪ್ಪಿನ ಕಡೆ ವಾಲುತ್ತದೆ. ಎಷ್ಟನೇ ಗಂಟೆಗೆ ವಾಲುತ್ತದೆ ಎಂಬುದು ಬ್ಯಾಟರಿಯ ಬೆಲೆ ಇಳಿದಂತೆಲ್ಲ ಮುಂದೆ ಸರಿಯುತ್ತಿದೆ.

ಉಪ್ಪಿನ ಪರವಾಗಿ ಇನ್ನೊಂದು ಮಾತಿದೆ. ಬೀಸುಕಲ್ಲು ಕೈ ಬಿಟ್ಟ ಮೇಲೂ ಒಂದರ್ಧ ಸುತ್ತು ತಿರುಗುವಂತೆ, ನೂರಾರು ಟನ್ನಿನ ಟರ್ಬೈನ್ ಜಾಲದಲ್ಲಿ ದಿಢೀರ್ ಏರುಪೇರಾದಾಗ ತನ್ನ ತೂಕದಿಂದಲೇ ಕ್ಷಣಕಾಲ ಅದನ್ನು ಹಿಡಿದು ನಿಲ್ಲಿಸುತ್ತದೆ. ಕಲ್ಲಿದ್ದಲು ಘಟಕಗಳು ಮುಚ್ಚುತ್ತ ಹೋದಂತೆ ಈ ಗುಣಕ್ಕೆ ಬೆಲೆ ಬರಲಿದೆ.

ಚೀನಾ ಇದನ್ನೆಲ್ಲ ಲೆಕ್ಕ ಹಾಕಿಯೇ ಹೊರಟಂತಿದೆ. 2016ರಲ್ಲಿ 20 ಪ್ರಾಯೋಗಿಕ ಯೋಜನೆಗಳಿಗೆ ಯೂನಿಟ್ಟಿಗೆ 1.15 ಯುವಾನ್ ದರ ಕೊಟ್ಟು ಶುರು ಮಾಡಿತು. ಕೆಲವು ಬಿದ್ದವು, ಡೆಲಿಂಗಾ, ಡನ್‌ಹುವಾಂಗ್‌ಗಳ ಗೋಪುರಗಳು ನಿಂತವು. ಅದರಿಂದ ಸ್ವಂತ ಕನ್ನಡಿ, ಸ್ವಂತ ಕೊಳವೆ, ಸ್ವಂತ ಪಂಪು ಮಾಡುವ ಕಾರ್ಖಾನೆಗಳು ಬೆಳೆದವು. ಈಗ ಅಲ್ಲಿ ಕನ್ನಡಿಯನ್ನು ಒಂಟಿಯಾಗಿ ಕಟ್ಟುವುದಿಲ್ಲ. ದೊಡ್ಡ ಪ್ಯಾನೆಲ್ ಮತ್ತು ಗಾಳಿ ಯೋಜನೆಯ ಮಗ್ಗುಲಲ್ಲಿ ಚಿಕ್ಕ ಕನ್ನಡಿ ಸ್ಥಾವರ, ಹಗಲು ಅವರದ್ದು, ರಾತ್ರಿ ಇದರದ್ದು. ಇನ್ನೂ ಮುಂದೆ ಹೋಗಿ, ಹಗಲಿನಲ್ಲಿ ಜಾಲಕ್ಕೆ ಬೇಡವಾದ ಅಗ್ಗದ ವಿದ್ಯುತ್ತನ್ನು ಹೀಟರ್ ಮೂಲಕ ಅದೇ ಉಪ್ಪಿನ ಟ್ಯಾಂಕಿಗೆ ತುಂಬುತ್ತಿದ್ದಾರೆ.

ಈ ಕೊನೆಯ ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ವಿದ್ಯುತ್ತಿನಿಂದಲೇ ಉಪ್ಪು ಕಾಯಿಸಬಹುದಾದರೆ ಕನ್ನಡಿ ಯಾಕೆ ಬೇಕು? ಲೆಕ್ಕ ಹೀಗಿದೆ: ಉಪ್ಪಿನ ಶಾಖವನ್ನು ಮತ್ತೆ ವಿದ್ಯುತ್ ಮಾಡಿದರೆ ನೂರಕ್ಕೆ ನಲವತ್ತರಷ್ಟೇ ಮರಳಿ ಬರುತ್ತದೆ. ಆದ್ದರಿಂದ ಬರೀ ರಾತ್ರಿ ವಿದ್ಯುತ್ತಿಗೆ ಈ ದಾರಿ ದುಬಾರಿ. ಆದರೆ ಶಾಖವನ್ನು ಶಾಖವಾಗಿಯೇ ಬಳಸುವುದಾದರೆ ನಷ್ಟವೇ ಇಲ್ಲವೆನ್ನುವಷ್ಟು ಕಡಿಮೆ. ಫಿನ್ಲೆಂಡಿನಲ್ಲಿ ಇದೇ ತರ್ಕದಿಂದ ಮರಳನ್ನು ಕಾಯಿಸಿಟ್ಟು ಚಳಿಗಾಲದಲ್ಲಿ ಊರಿಗೆ ಬೆಚ್ಚಗಿನ ನೀರು ಕೊಡುತ್ತಿದ್ದಾರೆ. ಜರ್ಮನಿಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಡಿಎಲ್‌ಆರ್ ಮುಚ್ಚಲಿರುವ ಕಲ್ಲಿದ್ದಲು ಕೇಂದ್ರಗಳ ಬಾಯ್ಲರ್ ತೆಗೆದು ಅಲ್ಲಿ ಉಪ್ಪಿನ ಟ್ಯಾಂಕು ಕೂರಿಸುವ ಬಗ್ಗೆ ಅಧ್ಯಯನ ನಡೆಸಿದೆ. 1985ರಿಂದ ಓಡುತ್ತಿರುವ ರಾಯಚೂರಿನ ಶಕ್ತಿನಗರದ ಹಳೆಯ ಘಟಕಗಳಂಥವು ನಿವೃತ್ತಿಯಾಗುವ ಹೊತ್ತಿಗೆ ಅವುಗಳ ಟರ್ಬೈನ್, ತಂತಿ, ನೀರಿನ ವ್ಯವಸ್ಥೆ, ಅಲ್ಲಿ ದುಡಿದ ಕೈಗಳು ಇವೆಲ್ಲ ಗುಜರಿಗೆ ಹೋಗಬೇಕೇ ಎಂಬುದನ್ನು ಇಂಥ ಅಧ್ಯಯನವೇ ಹೇಳಬೇಕು.

ನಮ್ಮ ನೆಲಕ್ಕೆ ಎಷ್ಟು ಒಗ್ಗುತ್ತದೆ

ಕರ್ನಾಟಕದಲ್ಲಿ ದೊಡ್ಡ ಕನ್ನಡಿ ವಿದ್ಯುತ್ ಸ್ಥಾವರ ಕಟ್ಟಿ ಎಂದು ನಾನು ಹೇಳಲಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲುಸೀಮೆಯಲ್ಲೂ ಮಳೆ ಬರದಿದ್ದರೂ ಮೋಡ ಇದ್ದೇ ಇರುತ್ತದೆ, ನೆರಳಿನ ಅಂಚು ಮಸುಕು. ನೀರಿನ ಪ್ರಶ್ನೆಯೂ ಇದೆ. ನೀರಿನಿಂದ ತಂಪು ಮಾಡುವ ಉಗಿ ಸ್ಥಾವರ ಯೂನಿಟ್ಟಿಗೆ ಸುಮಾರು ಮೂರು ಲೀಟರ್ ಕುಡಿಯುತ್ತದೆ. ವರ್ಷಕ್ಕೆ ಹತ್ತು ಕೋಟಿ ಯೂನಿಟ್ ಎಂದರೆ ಮೂವತ್ತು ಕೋಟಿ ಲೀಟರ್. ಪಾವಗಡದಂಥ ತಾಲ್ಲೂಕಿನಲ್ಲಿ ಇದನ್ನು ಕೇಳುವುದೇ ತಪ್ಪು. ಗಾಳಿಯಿಂದ ತಂಪು ಮಾಡಿದರೆ ಅದರ ಹತ್ತನೇ ಒಂದು ಪಾಲು ನೀರು ಸಾಕು. ಆದರೆ ಬೇಸಿಗೆಯ ನಡುಹಗಲಲ್ಲಿ ಟರ್ಬೈನ್ ಸೊರಗುತ್ತದೆ.

ನೀರಿನ ಉಗಿಯನ್ನೇ ಬಿಟ್ಟುಬಿಡುವ ದಾರಿಯೊಂದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹುಡುಕುತ್ತಿದೆ. ಇಂಗಾಲದ ಡೈಆಕ್ಸೈಡನ್ನು 31 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ, ವಾತಾವರಣದ ಎಪ್ಪತ್ತಕ್ಕೂ ಹೆಚ್ಚು ಪಟ್ಟು ಒತ್ತಡದಲ್ಲಿ ಇಟ್ಟರೆ ಅದು ಅನಿಲವೂ ಅಲ್ಲದ, ದ್ರವವೂ ಅಲ್ಲದ ದಟ್ಟ ವಸ್ತುವಾಗುತ್ತದೆ. ಅದರಿಂದ ಓಡುವ ಟರ್ಬೈನ್ ಉಗಿಯದಕ್ಕಿಂತ ಎಷ್ಟೋ ಪುಟ್ಟದು, ಹೆಚ್ಚು ಶಾಖದಲ್ಲಿ ಹೆಚ್ಚು ದಕ್ಷ. ದೇಶದ ಮೊದಲ ಇಂಥ ಪರೀಕ್ಷಾ ವ್ಯವಸ್ಥೆಯನ್ನು ಸಂಸ್ಥೆಯ ವಿಜ್ಞಾನಿಗಳು 2018ರ ಹೊತ್ತಿಗೆ ಕಟ್ಟಿ ನಿಲ್ಲಿಸಿದರು. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ಉಪ್ಪಿನ ಬದಲು ಮರಳಿನಂಥ ಸೆರಾಮಿಕ್ ಕಾಳುಗಳನ್ನು 700 ಡಿಗ್ರಿ ಮೀರಿ ಕಾಯಿಸುವ ಪ್ರಯತ್ನ ನಡೆದಿದೆ. ಕಾಳು ಹೆಪ್ಪುಗಟ್ಟುವುದಿಲ್ಲ, ಟ್ಯಾಂಕಿನ ಬೆಸುಗೆಯಿಂದ ಸೋರಿ ಹರಿಯುವುದೂ ಇಲ್ಲ. ಇವೆರಡೂ ಸೇರಿದರೆ ಈ ತಂತ್ರಜ್ಞಾನದ ಹಳೆಯ ಎರಡು ನೋವಿಗೆ ಮದ್ದು ಸಿಕ್ಕಂತೆ. ಎರಡೂ ಇನ್ನೂ ಪರೀಕ್ಷೆಯ ಹಂತದಲ್ಲಿವೆ.

ಆದರೆ ನಮ್ಮಲ್ಲಿ ಈಗಲೇ ಆಗಬಹುದಾದ ಕೆಲಸ ವಿದ್ಯುತ್ತಿನದ್ದಲ್ಲ, ಒಲೆಯದ್ದು. ಜಗತ್ತು ಬಳಸುವ ಶಕ್ತಿಯಲ್ಲಿ ಸುಮಾರು ಅರ್ಧ ಹೋಗುವುದು ಏನನ್ನಾದರೂ ಕಾಯಿಸಲು. ಕಾರ್ಖಾನೆಗಳಿಗೆ ಬೇಕಾದ ಶಾಖದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು 400 ಡಿಗ್ರಿಯೊಳಗೇ ಮುಗಿಯುತ್ತದೆ, ಕನ್ನಡಿಗೆ ಅದು ಲೀಲಾಜಾಲ. ಸ್ಪೇನಿನ ಸೆವಿಲ್ಲೆಯಲ್ಲಿ ಹೈನೆಕೆನ್ ಬಿಯರ್ ಕಾರ್ಖಾನೆಗೆ 2023ರಿಂದ 30 ಮೆಗಾವಾಟ್ ಶಾಖ ಕೊಡುವ ಕನ್ನಡಿ ಸಾಲುಗಳಿವೆ. ನಮ್ಮವರಿಗೂ ಇದು ಅಪರಿಚಿತವಲ್ಲ. ತಿರುಮಲದಲ್ಲಿ ಪ್ರಸಾದದ ಅಡುಗೆಗೆ ಉಗಿ ಎಬ್ಬಿಸಲು ಬೋಗುಣಿಯಂತೆ ಬಾಗಿದ 106 ಕನ್ನಡಿ ಡಿಶ್‌ಗಳನ್ನು ಎರಡು ದಶಕದ ಹಿಂದೆಯೇ ಕೂರಿಸಿದ್ದರು. ಶಿರಡಿಯಲ್ಲಿ 2009ರಲ್ಲಿ 73 ಡಿಶ್ ಬಂದವು. ಅಬು ರೋಡ್‌ನಲ್ಲಿ ಬ್ರಹ್ಮಕುಮಾರಿ ಸಂಸ್ಥೆಯ ‘ಇಂಡಿಯಾ ಒನ್’ ಸ್ಥಾವರದಲ್ಲಿ 60 ಚದರ ಮೀಟರಿನ 770 ಡಿಶ್‌ಗಳಿವೆ. ಅಲ್ಲಿ ಉಪ್ಪಿಲ್ಲ, ಎರಕದ ಕಬ್ಬಿಣದ ಗಟ್ಟಿಯೊಳಗೇ 16 ಗಂಟೆಯ ಶಾಖ ಕೂರುತ್ತದೆ. ಇಂಥದ್ದಕ್ಕೆ ಹೊರದೇಶದ ಎಣ್ಣೆ ಬೇಡ, ವಿಶೇಷ ಕೊಳವೆ ಬೇಡ. ನಮ್ಮ ಫೌಂಡ್ರಿಗಳಲ್ಲೇ ಆಗುವ ಕೆಲಸ.

ರಾಮನಗರ, ಶಿಡ್ಲಘಟ್ಟದ ರೀಲರ್‌ಗಳ ಮನೆಗಳಲ್ಲಿ ರೇಷ್ಮೆಗೂಡು ಬೇಯಿಸದೆ ನೂಲು ಬಿಚ್ಚುವುದಿಲ್ಲ. ದಿನವಿಡೀ ಕುದಿನೀರು ಬೇಕು, ಅದಕ್ಕೆ ಸೌದೆ ಬೇಕು, ಹೊಗೆಯ ನಡುವೆ ಕೂತು ನೂಲು ಎಳೆಯುವವರಲ್ಲಿ ಹೆಂಗಸರೇ ಹೆಚ್ಚು. ಹೈನುಗಾರಿಕೆ ಘಟಕಗಳಲ್ಲಿ ಹಾಲು ಕಾಯಿಸಲು, ಬಣ್ಣದ ಕಾರ್ಖಾನೆಗಳಲ್ಲಿ ಬಟ್ಟೆ ಅದ್ದಲು ಬಾಯ್ಲರ್ ಉರಿಯುತ್ತದೆ. ಮಳೆಗಾಲದ ಮೋಡದಲ್ಲಿ ಕನ್ನಡಿ ಸುಮ್ಮನಾದರೆ ಹಳೆಯ ಬಾಯ್ಲರ್ ಹೇಗೂ ಪಕ್ಕದಲ್ಲಿದೆ, ವರ್ಷದ ಉಳಿದ ಏಳೆಂಟು ತಿಂಗಳ ಸೌದೆ ಉಳಿಯುತ್ತದೆ. ಮಧ್ಯಾಹ್ನದ ಮಿಗತೆ ಕರೆಂಟನ್ನು ಅಗ್ಗದ ದರಕ್ಕೆ ಕೊಟ್ಟರೆ ಹೀಟರಿನಿಂದಲೂ ಅದೇ ಟ್ಯಾಂಕನ್ನು ಕಾಯಿಸಬಹುದು. ಯಾವುದು ಅಗ್ಗವೋ ಅದು ತುಂಬಲಿ. ತಾರಸಿಯ ಟ್ಯಾಂಕನ್ನು ಮನೆಮನೆಗೂ ಮುಟ್ಟಿಸಿದ ರಾಜ್ಯ ಇದು. ಹೊಸ ಮನೆಗೆ ಸೋಲಾರ್ ವಾಟರ್ ಹೀಟರ್ ಇರಲೇಬೇಕೆಂದು ವಿದ್ಯುತ್ ಕಂಪನಿಗಳ ಮೂಲಕ ನಿಯಮ ತಂದಾಗ ಗೊಣಗಿದವರೂ ಆಮೇಲೆ ಒಗ್ಗಿಕೊಂಡರು. ರೀಲಿಂಗ್ ಘಟಕದ ಬೇಸಿನ್ನಿಗೆ ಬೇಕಾದ ಶಾಖ ಆ ಸ್ನಾನದ ನೀರಿಗಿಂತ ಮೂವತ್ತು ನಲವತ್ತು ಡಿಗ್ರಿಯಷ್ಟೇ ಹೆಚ್ಚು.